ಎರಡು ಹೊಳೆಗಳ ನಡುವೆ ಮೋಟಾರು

ಮೋಟಾರು ಗಾಡಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಗಾಡಿಯನ್ನೇ ಕುರಿತು ಬರೆದಿದ್ದಾರೆ. ಯಾವ ವರ್ಷ ಯಾವ ಎಂಜಿನ್ನು ಬಂತು, ಅದಕ್ಕೆ ಎಷ್ಟು ಕುದುರೆಗಳ ಬಲ, ಗಂಟೆಗೆ ಎಷ್ಟು ಮೈಲಿ ವೇಗ, ಯಾವ ಮಹಾರಾಜರ ಲಾಯದಲ್ಲಿ ಅಂಥವು ಎಷ್ಟಿದ್ದುವು ಎಂಬ ವಿವರಗಳು ಅಲ್ಲಿ ಹೇರಳವಾಗಿ ದೊರೆಯುತ್ತವೆ. ಆದರೆ ಗಾಡಿ ಗಾಳಿಯಲ್ಲಿ ಓಡುವುದಿಲ್ಲ. ದಾರಿಯ ಮೇಲೆ ಓಡುತ್ತದೆ. ಧಾರವಾಡದ ಎರೆಯ ಬಯಲಿನಲ್ಲಿ ಓಡಿದ ಫೋರ್ಡಿಗೂ ಕಾರವಾರದ ಕರಾವಳಿಯಲ್ಲಿ ಓಡಿದ ಫೋರ್ಡಿಗೂ ಹೆಸರು ಒಂದೇ ಆದರೂ ಬಾಳು ಬೇರೆ. ಒಂದು ದೂಳನ್ನು ಕುಡಿಯಿತು, ಇನ್ನೊಂದು ನೀರನ್ನು. ಹಳೆಯ ಕಾರುಗಳ ಸೊಗಸನ್ನೂ ಅವನ್ನು ನಡೆಸುವುದರಲ್ಲಿದ್ದ ರೋಮಾಂಚವನ್ನೂ ಅರಿಯಬೇಕಾದರೆ ಅವು ಹಾದುಹೋದ ನೆಲವನ್ನು ಮೊದಲು ಅರಿಯಬೇಕು. ಅದಕ್ಕೆ ಉತ್ತರ ಕನ್ನಡದ ಹಾರವಾಡಕ್ಕಿಂತ ಒಳ್ಳೆಯ ಉದಾಹರಣೆ ಸುಲಭವಾಗಿ ಸಿಗಲಾರದು.

ನಾಲ್ಕು ಬಾಗಿಲಿನ ಮನೆ

ಹಾರವಾಡ ಅಂಕೋಲಾ ತಾಲೂಕಿನ ಕಡಲ ದಂಡೆಯ ಹಳ್ಳಿ. ಕಾರವಾರದಿಂದ ಅಂಕೋಲೆಗೆ ಸುಮಾರು ೩೫ ಕಿಲೋಮೀಟರಿನ ದಾರಿ. ಬಿಣಗಾ, ಅರಗಾ, ಚೆಂಡಿಯಾ, ಅಮದಳ್ಳಿ ಮೊದಲಾದ ಊರುಗಳನ್ನು ಕಳೆದು, ಅವರ್ಸೆಯನ್ನು ಮುಟ್ಟುವ ಮುನ್ನ ಹಾರವಾಡ ಬರುತ್ತದೆ. ಈಗ ಅಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವೂ ಇದೆ. ಆದರೆ ನಾವು ಹೇಳಹೊರಟಿರುವುದು ರೈಲಿಗೆ ಬಹು ಹಿಂದಿನ ಮಾತು.

ಈ ಊರಿನಲ್ಲಿ ನಿಂತು ನಾಲ್ಕು ದಿಕ್ಕನ್ನೂ ನೋಡಿದರೆ, ಹಿಂದಿನ ಕಾಲದ ಮೋಟಾರು ಸವಾರನ ಪಾಡು ಕಣ್ಣಿಗೆ ಕಟ್ಟುತ್ತದೆ. ಪಡುವಣಕ್ಕೆ ಕಡಲು. ಮೂಡಣಕ್ಕೆ ಸಹ್ಯಾದ್ರಿಯ ಗೋಡೆ. ಬಡಗಣಕ್ಕೆ ಕಾಳಿ ಹೊಳೆ. ಅದನ್ನು ದಾಟಿ ಸದಾಶಿವಗಡ, ಮಾಜಾಳಿಗಳನ್ನು ಕಳೆದರೆ ಗೋವೆ. ೧೯೬೧ರ ಡಿಸೆಂಬರ್ ೧೯ರವರೆಗೆ ಅದು ಪೋರ್ಚುಗೀಸರ ನಾಡು, ಎಂದರೆ ಪರರಾಜ್ಯ. ತೆಂಕಣಕ್ಕೆ ಗಂಗಾವಳಿ ಹೊಳೆ. ಅದನ್ನು ದಾಟಿದರೆ ಅಘನಾಶಿನಿ, ಅದನ್ನೂ ದಾಟಿದರೆ ಶರಾವತಿ. ಹೀಗೆ ಕಾಳಿಗೂ ಗಂಗಾವಳಿಗೂ ನಡುವೆ ೫೦ ಕಿಲೋಮೀಟರಿನ ಒಳಗಿನ ಒಂದು ಪಟ್ಟಿ ನೆಲ. ಸೇತುವೆಗಳು ಬರುವ ತನಕ ಕಾರು ಸರಾಗವಾಗಿ ಓಡಬಲ್ಲ ಜಾಗವೆಂದರೆ ಇಷ್ಟೇ. ಸಾವಿರಾರು ರೂಪಾಯಿ ಸುರಿದು ಮೋಟಾರು ಕೊಂಡ ಸಾಹುಕಾರನೂ ಈ ಪಂಜರದೊಳಗಿನ ಗಿಳಿಯೇ.

ಪಂಜರಕ್ಕೆ ಬಾಗಿಲುಗಳಿರಲಿಲ್ಲವೆಂದಲ್ಲ. ಪಡುವಣ ಬಾಗಿಲಲ್ಲಿ ಮುಂಬಯಿಯ ಆಗಬೋಟು ಬಂದು ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಆ ಬಾಗಿಲು ಮುಚ್ಚಿರುತ್ತಿತ್ತು. ಬಡಗಣ, ತೆಂಕಣ ಬಾಗಿಲುಗಳಲ್ಲಿ ತಾರಿ ಇತ್ತು. ಅದು ತೆರೆಯುವುದೂ ಮುಚ್ಚುವುದೂ ಉಬ್ಬರವಿಳಿತಗಳನ್ನು ನೋಡಿಕೊಂಡು. ಮೂಡಣ ಬಾಗಿಲು ಅರಬೈಲು ಘಟ್ಟ. ಅದು ವರ್ಷವೆಲ್ಲ ತೆರೆದಿದ್ದರೂ ದಾಟಲು ಎಂಜಿನ್ನಿಗೆ ಎದೆ ಬೇಕು, ನಡೆಸುವವನಿಗೆ ತಾಳ್ಮೆ ಬೇಕು. ನಮ್ಮ ಕರಾವಳಿಯಲ್ಲಿ ಹಳೆಯ ಕಾರುಗಳು ಯಾರ ನೆನಪಿನಲ್ಲಾದರೂ ಉಳಿದಿದ್ದರೆ, ಈ ಬಾಗಿಲುಗಳನ್ನು ಅವು ಹೇಗೆ ದಾಟಿದುವೆಂಬುದರಿಂದಲೇ ಉಳಿದಿವೆ.

ಎತ್ತಿಗೆ ಮಾಡಿದ ದಾರಿ

ಮೋಟಾರು ಬರುವ ಮೊದಲೇ ಘಟ್ಟದ ದಾರಿ ಇತ್ತು. ಅದು ಆದದ್ದು ಹತ್ತಿಗಾಗಿ. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ತೊಡಗಿ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ಬರುವುದು ಕಡಿಮೆಯಾದಾಗ, ಅಲ್ಲಿಯ ವ್ಯಾಪಾರಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಕಡಲನ್ನು ಮುಟ್ಟಲು ಕಾರವಾರವೇ ತಕ್ಕ ಬಂದರೆಂದು ಅವರು ಬಗೆದರು. ಮದರಾಸು ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಎಳೆ ಇದೆ. ಬಯಲುಸೀಮೆಯಿಂದ ಕೆಳಗಿಳಿಯುವ ಘಟ್ಟದ ದಾರಿಗಳು ಎತ್ತಿನ ಗಾಡಿಗೆ ಅನುಕೂಲವಾಗುವಂತೆ ಬಲಗೊಂಡುವು. ಮುಂದೆ ೧೮೮೦ರ ದಶಕದ ಕೊನೆಗೆ ಮರ್ಮಗೋವೆಗೆ ರೈಲು ಬಂದು ವ್ಯಾಪಾರವನ್ನು ಅತ್ತ ಸೆಳೆದುಕೊಂಡಿತು. ಬಂದರಿನ ಕನಸು ಬಾಡಿತು. ದಾರಿ ಮಾತ್ರ ಉಳಿಯಿತು.

ಎತ್ತಿಗೆ ಮಾಡಿದ ದಾರಿಗೆ ಒಂದು ಗುಣವಿದೆ. ಅದು ಗುಡ್ಡವನ್ನು ಸೀಳುವುದಿಲ್ಲ. ಗುಡ್ಡದ ಮೈಯನ್ನು ಬಳಸುತ್ತದೆ. ನೀರು ಇಳಿಯುವ ಕಡೆ ತಾನು ಸರಿದು ಜಾಗ ಬಿಡುತ್ತದೆ. ಎತ್ತು ದಣಿದು ನಿಲ್ಲುವ ಕಡೆ ಒಂದು ಸಮತಟ್ಟು, ಒಂದು ಝರಿ, ಒಂದು ಮರದ ನೆರಳು. ಮೊದಲ ಕಾಲದ ಮೋಟಾರುಗಳಿಗೆ ಬೇಕಾದದ್ದೂ ಇದೇ! ಎತ್ತಿನಂತೆ ಅವೂ ದಣಿಯುತ್ತಿದ್ದುವು, ಅವಕ್ಕೂ ಬಾಯಾರಿಕೆಯಾಗುತ್ತಿತ್ತು.

ಮೋಟಾರಿನ ಹುಟ್ಟು ಜರ್ಮನಿಯಲ್ಲಿ. ೧೮೮೬ರ ಜನವರಿ ೨೯ರಂದು ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಗಾಡಿಗೆ ಹಕ್ಕುಪತ್ರ ಕೇಳಿ ಅರ್ಜಿ ಹಾಕಿದ. ಆದರೆ ಅದು ನಿಜವಾಗಿ ಊರಿಂದೂರಿಗೆ ಹೋಗಬಲ್ಲುದೆಂದು ತೋರಿಸಿದವಳು ಅವನ ಹೆಂಡತಿ ಬರ್ತಾ. ೧೮೮೮ರ ಆಗಸ್ಟಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಅವಳು ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟಳು. ಇಂಧನ ಮುಗಿದಾಗ ಔಷಧದ ಅಂಗಡಿಯಿಂದ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿಕೊಂಡಳು. ಏರಿನಲ್ಲಿ ಮಕ್ಕಳು ಇಳಿದು ನೂಕಿದರು. ಜಗತ್ತಿನ ಮೊದಲ ದೂರದ ಮೋಟಾರು ಪ್ರಯಾಣದ ಕಥೆ ಇದು. ಇದರಲ್ಲಿ ಬರುವ ಊರುಗಳ ಹೆಸರನ್ನು ತೆಗೆದು ಸುಂಕಸಾಳ, ರಾಮನಗುಳಿ, ಇಡಗುಂದಿ ಎಂದು ಬರೆದರೆ, ನಮ್ಮ ಘಟ್ಟದಲ್ಲಿ ಮುಂದಿನ ಎಂಬತ್ತು ವರ್ಷ ನಡೆದ ಕಥೆಯೂ ಆಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಲಕತ್ತೆ, ಮುಂಬಯಿಗಳಿಗೆ ಮೋಟಾರು ಬಂತು. ಆದರೆ ಅದನ್ನು ಅರಮನೆಯ ಅಂಗಳದಿಂದ ವಕೀಲರ, ವೈದ್ಯರ, ವ್ಯಾಪಾರಿಗಳ ಅಂಗಳಕ್ಕೆ ಎಳೆದುತಂದದ್ದು ಅಮೆರಿಕದ ಹೆನ್ರಿ ಫೋರ್ಡ್. ಅವನ ‘ಟಿ’ ಮಾದರಿ ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾಯಿತು. ೧೯೨೬ರಲ್ಲಿ ಫೋರ್ಡ್ ಕಂಪನಿ ಭಾರತದಲ್ಲಿ ತನ್ನ ಶಾಖೆ ತೆರೆಯಿತು. ೧೯೨೮ರಲ್ಲಿ ಜನರಲ್ ಮೋಟರ್ಸ್ ಮುಂಬಯಿಯಲ್ಲಿ ಬಿಡಿಭಾಗಗಳನ್ನು ಜೋಡಿಸುವ ಕಾರ್ಖಾನೆ ಹೂಡಿತು. ಕಾರವಾರಕ್ಕೆ ಆಗ ಮುಂಬಯಿಯೇ ರಾಜಧಾನಿ. ೧೯೫೬ರ ನವೆಂಬರ್ ೧ರವರೆಗೂ ಹಾಗೆಯೇ. ಪೇಟೆಯಲ್ಲಿ ಏನು ಹೊಸದಾದರೂ ಅಲ್ಲಿಂದಲೇ ಬರಬೇಕು.

ಆ ಫೋರ್ಡನ್ನು ನಡೆಸುವುದು ಈಗಿನ ಚಾಲಕರಿಗೆ ಇಂದ್ರಜಾಲದಂತೆ ತೋರಬಹುದು. ನೆಲದಲ್ಲಿ ಮೂರು ಪೆಡಲು. ಆದರೆ ಅವುಗಳಲ್ಲಿ ಒಂದೂ ವೇಗ ಹೆಚ್ಚಿಸುವುದಲ್ಲ. ವೇಗದ ಕಡ್ಡಿ ಸ್ಟಿಯರಿಂಗಿನ ಬಳಿ ಕೈಗೆ ಸಿಗುವಂತಿತ್ತು. ನಡುವಿನ ಪೆಡಲು ತುಳಿದರೆ ಗಾಡಿ ಹಿಂದಕ್ಕೆ! ಮುಂದೆ ಹ್ಯಾಂಡಲು ತಿರುವಿ ಹೊರಡಿಸಬೇಕು. ತಿರುವುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಡಬೇಕು, ಇಲ್ಲವಾದರೆ ಎಂಜಿನ್ನು ಒದೆದು ಎಲುಬು ಮುರಿಯಬಹುದು. ಘಟ್ಟದಲ್ಲಿ ಇದರದೊಂದು ವಿಚಿತ್ರ ಸ್ವಭಾವ ಹೊರಬೀಳುತ್ತಿತ್ತು. ಪೆಟ್ರೋಲಿನ ಡಬ್ಬಿ ಮುಂದಿನ ಆಸನದ ಅಡಿಯಲ್ಲಿ. ಅಲ್ಲಿಂದ ಎಂಜಿನ್ನಿಗೆ ಪೆಟ್ರೋಲು ಹರಿಯುವುದು ತನ್ನ ಭಾರದಿಂದ, ಪಂಪಿನಿಂದಲ್ಲ. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಎಂಜಿನ್ನು ಡಬ್ಬಿಗಿಂತ ಎತ್ತರಕ್ಕೆ ಹೋಗಿ ಪೆಟ್ರೋಲು ಹರಿಯುವುದು ನಿಲ್ಲುತ್ತದೆ. ಉಪಾಯ ಒಂದೇ: ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುವುದು. ಹಿಂದಕ್ಕೆ ಹೋಗುವ ಗಿಯರೇ ಅದರಲ್ಲಿ ಎಲ್ಲಕ್ಕಿಂತ ಬಲವಾದದ್ದು ಕೂಡ. ರೋಮಾಂಚವೆಂದರೆ ವೇಗವೊಂದೇ ಎಂದು ನಂಬಿದವರು, ಬೆನ್ನಿನ ಕಡೆಯಿಂದ ಏರನ್ನು ಹತ್ತುತ್ತಿರುವ ಗಾಡಿಯಲ್ಲಿ ಕುಳಿತು ಕೆಳಗಿನ ಕಣಿವೆಯನ್ನು ನೋಡುವ ಅನುಭವವನ್ನು ಒಮ್ಮೆ ಊಹಿಸಿಕೊಳ್ಳಲಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಅಳತೆಗೆ ಸಿಕ್ಕಿದಾಗ ಇನ್ನೊಂದು ವೇಷ ಬಂತು. ಗಾಡಿಯ ಹಿಂಬದಿಗೆ ಒಲೆಯಂಥ ದೊಡ್ಡ ಕೊಳವೆ ಕಟ್ಟಿ, ಇದ್ದಿಲನ್ನು ಉರಿಸಿ, ಅದರ ಅನಿಲದಿಂದ ಎಂಜಿನ್ನು ನಡೆಸುವುದು. ಇದರ ಬಲ ಕಡಿಮೆ. ಏರು ಬಂತೆಂದರೆ ಪ್ರಯಾಣಿಕರು ಇಳಿಯಬೇಕು. ಹಲವು ಸಲ ಟಿಕೆಟ್ಟನ್ನೂ ಕೊಂಡು ಗಾಡಿಯನ್ನೂ ನೂಕಬೇಕು. ಆ ಕಾಲವನ್ನು ಕಂಡ ಹಿರಿಯರು ಇದನ್ನು ದೂರಿನಂತೆ ಹೇಳುತ್ತಿರಲಿಲ್ಲ, ಪರಾಕ್ರಮದಂತೆ ಹೇಳುತ್ತಿದ್ದರು.

ತಾರಿಯ ಮೇಲಿನ ಕಾರು

ಘಟ್ಟ ಎಂಜಿನ್ನಿನ ಪರೀಕ್ಷೆಯಾದರೆ ಹೊಳೆ ಚಾಲಕನ ಪರೀಕ್ಷೆ. ನಮ್ಮ ಕರಾವಳಿಯ ಹೊಳೆಗಳು ಸಮುದ್ರದ ಹತ್ತಿರ ಅಗಲವಾಗಿ, ಉಬ್ಬರದಲ್ಲಿ ತುಂಬಿ, ಇಳಿತದಲ್ಲಿ ಕೆಸರು ತೋರಿ, ಮಳೆಗಾಲದಲ್ಲಿ ಕೆಂಪಾಗಿ ಹುಚ್ಚೆದ್ದು ಹರಿಯುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಸೀಮೆ ಇದು. ಇಂಥ ಹೊಳೆಯನ್ನು ಕಾರು ದಾಟುತ್ತಿದ್ದುದು ಜಂಗಾಲಿನ ಮೇಲೆ: ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ಮಾಡಿದ ತೇಲುವ ಜಗಲಿ.

ಕಾರನ್ನು ಜಂಗಾಲಿಗೆ ಹತ್ತಿಸುವುದು ಒಂದು ಕಲೆ. ದಂಡೆಯಿಂದ ದೋಣಿಗೆ ಎರಡು ಹಲಗೆ ಇಡುತ್ತಾರೆ. ಗಾಲಿಗಳ ಅಂತರಕ್ಕೆ ಹಲಗೆಗಳ ಅಂತರ ಸರಿಹೊಂದಬೇಕು. ಒಳಗಿದ್ದವರೆಲ್ಲ ಇಳಿಯುತ್ತಾರೆ, ಚಾಲಕನೊಬ್ಬನೇ ಉಳಿಯುತ್ತಾನೆ. ಅಂಬಿಗನೊಬ್ಬ ಎದುರಿಗೆ ನಿಂತು ಎರಡು ಕೈಗಳಿಂದ ಸನ್ನೆ ಮಾಡುತ್ತಾನೆ. ಚಾಲಕನಿಗೆ ಹಲಗೆ ಕಾಣುವುದಿಲ್ಲ, ಅಂಬಿಗನ ಕೈ ಮಾತ್ರ ಕಾಣುತ್ತದೆ. ಮುಂದಿನ ಗಾಲಿಗಳು ಹತ್ತಿದಾಗ ಜಂಗಾಲು ಒಮ್ಮೆ ತಗ್ಗುತ್ತದೆ, ಹಿಂದಿನ ಗಾಲಿಗಳು ಹತ್ತಿದಾಗ ಒಮ್ಮೆ ಹೊಯ್ದಾಡುತ್ತದೆ. ಆಮೇಲೆ ಕೈಬ್ರೇಕು ಎಳೆದು, ಗಾಲಿಗಳಿಗೆ ಮರದ ತುಂಡು ಕೊಟ್ಟು, ಎಂಜಿನ್ನು ಆರಿಸಿದರೆ, ಅಷ್ಟು ಹೊತ್ತು ಗುಡುಗಿದ ಯಂತ್ರ ಒಮ್ಮೆಲೆ ಮೂಕವಾಗಿ, ಕೇವಲ ಒಂದು ಸರಕಾಗಿ, ಹುಟ್ಟುಗೋಲಿನ ಸದ್ದಿನಲ್ಲಿ ತೇಲುತ್ತದೆ. ಇಪ್ಪತ್ತು ಕುದುರೆಗಳ ಬಲವನ್ನು ನಾಲ್ಕು ಜನರ ತೋಳು ದಾಟಿಸುವ ಆ ನೋಟದಲ್ಲಿ ಒಂದು ವಿನಯವಿತ್ತು. ಯಂತ್ರಕ್ಕೂ ಮನುಷ್ಯನ ಹಂಗು ತಪ್ಪಿದ್ದಲ್ಲ ಎಂಬ ಪಾಠವಿತ್ತು.

ತಾರಿಯ ಬದಿಯಲ್ಲಿ ಕಾಯುವುದೂ ಪ್ರಯಾಣದ ಒಂದು ಭಾಗ. ಇಳಿತ ಬಹಳವಾದರೆ ಹಲಗೆ ಕಡಿದಾಗುತ್ತದೆ, ಕಾಯಬೇಕು. ನೆರೆ ಬಂದರೆ ಅಂಬಿಗನೇ ಒಲ್ಲೆನೆನ್ನುತ್ತಾನೆ, ಕಾಯಬೇಕು. ಕತ್ತಲಾದರೆ ಆಚೆ ದಂಡೆಯ ದೀಪವನ್ನು ನೋಡುತ್ತ ರಾತ್ರಿ ಕಳೆಯಬೇಕು. ಹೀಗೆ ಕಾಯುವಾಗ ಹೊಳೆ ಬದಿಯ ಚಹಾದಂಗಡಿಯೇ ಸಭಾಮಂಟಪ. ವಕೀಲರು, ಮೀನಿನ ಬುಟ್ಟಿಯ ಹೆಂಗಸರು, ಗೋಕರ್ಣದ ಯಾತ್ರಿಕರು, ಅರಣ್ಯ ಇಲಾಖೆಯ ಅಧಿಕಾರಿ, ಎಲ್ಲರೂ ಒಂದೇ ಬೆಂಚಿನ ಮೇಲೆ. ಕಾರಿದ್ದವನೂ ಕಾರಿಲ್ಲದವನೂ ಸಮನಾಗುತ್ತಿದ್ದ ಜಾಗ ನಮ್ಮ ಜಿಲ್ಲೆಯಲ್ಲಿ ಎರಡೇ: ಒಂದು ದೇವಸ್ಥಾನದ ಸರತಿ, ಇನ್ನೊಂದು ತಾರಿ.

ಅಂಬಾಸಿಡರ್, ಫಿಯಟ್, ಹೆರಾಲ್ಡ್

ಸ್ವಾತಂತ್ರ್ಯ ಬಂದ ಮೇಲೆ ಕಾರುಗಳ ಕಥೆ ಬೇರೆಯಾಯಿತು. ಆ ಕಥೆಯ ಮೊದಲ ಪುಟದಲ್ಲಿ ಕನ್ನಡಿಗರೊಬ್ಬರ ಹೆಸರಿದೆ. ದಿವಾನಗಿರಿಯನ್ನು ಬಿಟ್ಟು ಬಹುಕಾಲವಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಮುಂಬಯಿಗಾಗಿ ಸಿದ್ಧಪಡಿಸಿದರು. ಅಂದಿನ ಭಾರತ ಸರಕಾರ ಅದಕ್ಕೆ ಒತ್ತಾಸೆ ಕೊಡಲಿಲ್ಲ. ಅವರ ಜೊತೆಗಿದ್ದ ವಾಲಚಂದ್ ಹೀರಾಚಂದರು ಪಟ್ಟು ಬಿಡದೆ ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಅದಕ್ಕೆ ಎರಡು ವರ್ಷ ಮೊದಲು ಬಿರ್ಲಾ ಅವರ ಹಿಂದೂಸ್ಥಾನ್ ಮೋಟರ್ಸ್ ಹುಟ್ಟಿತ್ತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ಮೂರನೆಯದಾಯಿತು. ೧೯೫೩ರಲ್ಲಿ ಸರಕಾರ, ಕೇವಲ ಜೋಡಿಸುವವರು ಬೇಡ, ಇಲ್ಲಿಯೇ ತಯಾರಿಸುವವರು ಬೇಕು ಎಂದು ನಿರ್ಧರಿಸಿದಾಗ ಅಮೆರಿಕದ ಎರಡು ಕಂಪನಿಗಳೂ ಗಂಟು ಕಟ್ಟಿದುವು. ಮುಂದಿನ ಮೂವತ್ತು ವರ್ಷ ಭಾರತೀಯನ ಪಾಲಿಗೆ ಕಾರೆಂದರೆ ಮುಖ್ಯವಾಗಿ ಮೂರೇ ಮುಖಗಳು.

ಮೊದಲನೆಯದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯೇ ೧೯೫೭ರಲ್ಲಿ ಈ ಹೆಸರಿನಿಂದ ಬಂಗಾಳದ ಉತ್ತರಪಾಡಾದಲ್ಲಿ ಅವತರಿಸಿ, ೨೦೧೪ರ ಮೇ ತಿಂಗಳವರೆಗೆ ತಯಾರಾಗುತ್ತ ಬಂತು. ಹೊಟ್ಟೆ ತುಂಬಿದ ಗೃಹಸ್ಥನಂಥ ಆಕಾರ. ಮುಂದೆಯೂ ಹಿಂದೆಯೂ ಸೋಫಾದಂಥ ಆಸನ. ಐವರಿಗೆಂದು ಮಾಡಿದ ಕಾರಿನಲ್ಲಿ ಮದುವೆಯ ದಿಬ್ಬಣದ ಒಂಬತ್ತು ಜನ ಕುಳಿತು, ಹತ್ತನೆಯವನಿಗೆ ಬಾಗಿಲು ತೆರೆದು ಬಾ ಎಂದು ಕರೆದದ್ದನ್ನು ನಮ್ಮಲ್ಲಿ ಯಾರು ಕಂಡಿಲ್ಲ? ಹೊಂಡದ ದಾರಿಯಲ್ಲಿ ಅದು ದೋಣಿಯಂತೆ ತೂಗುತ್ತ ಹೋಗುತ್ತದೆ. ತಗ್ಗಿನಲ್ಲಿ ಹೊಟ್ಟೆ ತಾಗುವುದಿಲ್ಲ, ಹಳ್ಳದ ನೀರಿಗೆ ಹೆದರುವುದಿಲ್ಲ, ಊರ ಕಮ್ಮಾರನೂ ಅದನ್ನು ಅರೆಬರೆ ರಿಪೇರಿ ಮಾಡಬಲ್ಲ. ಸರಕಾರಿ ಅಧಿಕಾರಿಗಳಿಂದ ಹಿಡಿದು ಬಾಡಿಗೆ ಟ್ಯಾಕ್ಸಿಯವರೆಗೆ ಎಲ್ಲರಿಗೂ ಒಗ್ಗಿದ ಕಾರು ಅದು.

ಎರಡನೆಯದು ಫಿಯಟ್. ವಿಶ್ವೇಶ್ವರಯ್ಯನವರ ಕನಸಿನ ಬೀಜದಿಂದ ಮೊಳೆತ ಕಂಪನಿಯ ಕೂಸು. ೧೯೫೦ರ ದಶಕದ ನಡುವಿನಲ್ಲಿ ಬಂದ ಮೊದಲ ೧೧೦೦ ಮಾದರಿಯ ಮುಂದಿನ ಬಾಗಿಲುಗಳು ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ತೆರೆಯುತ್ತಿದ್ದುವು. ಅದರ ದುಂಡು ಬೆನ್ನನ್ನು ನೋಡಿ ಮುಂಬಯಿಯ ಜನ ‘ಡುಕ್ಕರ್’ ಎಂದು ಅಡ್ಡಹೆಸರಿಟ್ಟರು. ಮರಾಠಿಯಲ್ಲಿ ಹಂದಿ ಎಂದರ್ಥ. ಕೊಂಕಣಿ, ಮರಾಠಿಗಳನ್ನು ಚೆನ್ನಾಗಿ ಬಲ್ಲ ಕಾರವಾರದವರಿಗೆ ಈ ಮಾತಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಮುಂದೆ ಬಂದ ಚೌಕ ಮುಖದ ಮಾದರಿಗೆ ೧೯೭೪ರಲ್ಲಿ ಚಿತ್ತೋಡದ ರಾಣಿಯ ಹೆಸರು ಸಿಕ್ಕಿ ಪದ್ಮಿನಿಯಾಯಿತು. ಹಂದಿಯಿಂದ ರಾಣಿಗೆ ಇಪ್ಪತ್ತು ವರ್ಷ; ಇಂಥ ಪದೋನ್ನತಿ ಬೇರಾವ ಕಾರಿಗೂ ಆಗಿಲ್ಲ. ಇದಕ್ಕಾಗಿ ಹಣ ಕಟ್ಟಿ ವರ್ಷಗಟ್ಟಲೆ ಕಾದವರಿದ್ದರು. ಮುಂಬಯಿಯಲ್ಲಿ ಕೆಲಸಕ್ಕಿದ್ದ ನಮ್ಮ ಜಿಲ್ಲೆಯವರು ಮೇ ತಿಂಗಳ ರಜೆಗೆ ಫಿಯಟ್ಟಿನಲ್ಲಿ ಊರಿಗೆ ಬಂದರೆಂದರೆ, ಮಾವಿನ ಹಣ್ಣಿನ ಜೊತೆಗೆ ಅದೂ ಊರಿನ ಮಕ್ಕಳ ಪಾಲಿಗೆ ಒಂದು ಸುಗ್ಗಿ. ಮುಂಬಯಿಯ ಕಪ್ಪುಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ ೨೦೨೩ರ ಅಕ್ಟೋಬರಿನಲ್ಲಿ ಮುಗಿಯಿತು.

ಮೂರನೆಯದು ೧೯೬೧ರಲ್ಲಿ ಬಂದ ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಚೂಪು ಅಂಚಿನ ಚೆಲುವೆ. ಅದರ ಮೂತಿಯಷ್ಟನ್ನೂ ಮುಂದಕ್ಕೆ ಮಗುಚಿ ತೆರೆಯಬಹುದಾಗಿತ್ತು. ಬಹು ಚಿಕ್ಕ ವೃತ್ತದಲ್ಲಿ ತಿರುಗುತ್ತಿತ್ತು. ಅಂಕೋಲೆಯ ಪೇಟೆಯಂಥ ಇಕ್ಕಟ್ಟಿನಲ್ಲಿ ಇದೊಂದು ವರ. ಆದರೆ ಮೃದು ಮೈಯವಳು; ಹೊಂಡದ ದಾರಿಗೆ ನಲುಗುತ್ತಿದ್ದಳು. ಈ ಮೂರರ ಜೊತೆಗೆ ಯುದ್ಧಕಾಲದ ಸಂತಾನವಾದ ಜೀಪನ್ನೂ, ಗಡಿಯಾಚೆಯ ಗೋವೆಯಿಂದ ಇಣುಕುತ್ತಿದ್ದ ಬೆಂಜ್ ಟ್ಯಾಕ್ಸಿಗಳನ್ನೂ ಸೇರಿಸಿದರೆ ಆ ಕಾಲದ ಮೆರವಣಿಗೆ ಪೂರ್ತಿಯಾಗುತ್ತದೆ.

ಇವುಗಳನ್ನು ನಡೆಸುವುದರಲ್ಲಿ ಅಂಥ ಸುಖವೇನಿತ್ತು? ಅಂಕೆಗಳನ್ನು ನೋಡಿದರೆ ಏನೂ ಇಲ್ಲ. ಹೆರಾಲ್ಡಿನ ಎಂಜಿನ್ನು ೯೪೮ ಸಿಸಿ, ಫಿಯಟ್ಟಿನದು ೧೦೮೯, ಬಹುಕಾಲ ಬಾಳಿದ ಅಂಬಾಸಿಡರಿನದು ೧೪೮೯. ಇಂದಿನ ಸಾಮಾನ್ಯ ಕಾರು ಇವನ್ನೆಲ್ಲ ನಗುತ್ತ ಹಿಂದೆ ಹಾಕೀತು. ಸುಖವಿದ್ದದ್ದು ಬೇರೆ ಕಡೆ. ಕಾರವಾರದಿಂದ ತೆಂಕಣಕ್ಕೆ ಹೊರಟು ಬಿಣಗಾದ ಏರಿಗೆ ಬಂದಾಗ, ಸ್ಟಿಯರಿಂಗಿನ ಕೊರಳಿಗೇ ಅಂಟಿದ ಗಿಯರಿನ ಕಡ್ಡಿಯನ್ನು ಎಡಗೈಯಿಂದ ಹಿಡಿದು, ಎಂಜಿನ್ನಿನ ದನಿ ತಗ್ಗುವ ಮುನ್ನವೇ ಕೆಳಗಿನ ಗಿಯರಿಗೆ ಹಾಕಬೇಕು. ತಡವಾದರೆ ಗಾಡಿ ಕೆಮ್ಮುತ್ತದೆ. ದನಿಯನ್ನು ಕೇಳಿ ಕೈ ತಾನಾಗಿ ಆಡುವ ಮಟ್ಟಿಗೆ ಅಭ್ಯಾಸವಾದಾಗ, ಶ್ರುತಿ ಕೂಡಿದ ಹಾಡುಗಾರನ ಸುಖ. ಏರಿನ ಒಂದು ತಿರುವಿನಲ್ಲಿ, ಬಲಗಡೆಗೆ, ಹೇಳದೆ ಕೇಳದೆ ಕಡಲು ತೆರೆದುಕೊಳ್ಳುತ್ತಿತ್ತು. ಪೆಟ್ರೋಲು, ರೆಕ್ಸಿನ್, ಉಪ್ಪುಗಾಳಿ ಮೂರೂ ಬೆರೆತ ವಾಸನೆ. ಗಾಜನ್ನು ಇಳಿಸಿದ್ದರಿಂದ ಗಾಡಿಯ ಒಳಗೂ ಹೊರಗೂ ಒಂದೇ ಲೋಕ.

ಅರಬೈಲಿನಲ್ಲಿ ಈ ಸಂಬಂಧ ಇನ್ನೂ ಆಳವಾಗುತ್ತಿತ್ತು. ಬೇಸಗೆಯ ಮಧ್ಯಾಹ್ನ ರೇಡಿಯೇಟರು ಕುದಿಯುತ್ತದೆ. ಝರಿಯ ಬಳಿ ನಿಲ್ಲಿಸಿ, ಆರುವ ತನಕ ಕಾದು, ಬಟ್ಟೆ ಸುತ್ತಿದ ಕೈಯಿಂದ ಮುಚ್ಚಳ ತೆಗೆದು ನೀರೆರೆಯಬೇಕು. ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಎಂಜಿನ್ನು ನಿಂತರೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಬೇಕು. ಜ್ವರ ಬಂದ ಮಗುವಿನ ಹಣೆಗೆ ಸುತ್ತಿದ ಹಾಗೆ. ಇಳಿಯುವಾಗಿನ ಸೂತ್ರ ಎಲ್ಲ ಚಾಲ್ತಿ ಚಾಲಕರಿಗೂ ಗೊತ್ತಿತ್ತು: ಯಾವ ಗಿಯರಿನಲ್ಲಿ ಹತ್ತಿದೆಯೋ ಅದೇ ಗಿಯರಿನಲ್ಲಿ ಇಳಿ. ಬರಿಯ ಬ್ರೇಕನ್ನು ನಂಬಿದರೆ ಅದು ಕಾದು ಕೈಕೊಡುತ್ತದೆ. ಯಾವ ತಿರುವಿನಲ್ಲಿ ಝರಿ ದಾರಿಗೆ ಬರುತ್ತದೆ, ಯಾವ ಕಡೆ ಮಣ್ಣು ಸಡಿಲ, ಎಲ್ಲಿ ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಇವೆಲ್ಲ ಅವರಿಗೆ ಬಾಯಿಪಾಠ. ಕಾರು ದುರ್ಬಲವಾಗಿದ್ದುದರಿಂದ ಚಾಲಕ ನೆಲವನ್ನು ಬಲ್ಲವನಾಗಬೇಕಾಯಿತು. ಹಳೆಯ ಕಾರಿನ ರೋಮಾಂಚದ ಗುಟ್ಟು ಇದೇ ಎಂದು ನನಗೆ ತೋರುತ್ತದೆ. ಅದು ವೇಗದ ಅಮಲಲ್ಲ. ಅಂಜಿಕೆಯೂ ಅರಿವೂ ಕೂಡಿದ ಒಂದು ಎಚ್ಚರ.

ಬಾಗಿಲುಗಳು ತೆರೆದ ಮೇಲೆ

೧೯೮೩ರ ಡಿಸೆಂಬರ್ ೧೪ರಂದು ಮೊದಲ ಮಾರುತಿ ೮೦೦ ಕಾರನ್ನು ಅದರ ಒಡೆಯನ ಕೈಗಿತ್ತರು. ಅದೇ ದಶಕದಲ್ಲಿ ಕಾಳಿಯ ಸೇತುವೆಯೂ ಬಳಕೆಗೆ ಬಂತು. ಗಾಡಿಯೂ ದಾರಿಯೂ ಒಟ್ಟಿಗೆ ಬದಲಾದುವು. ಮಾರುತಿ ಕುದಿಯುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ. ಕಲಿತ ವಾರದಲ್ಲೇ ಹೆಂಗಸರೂ ಗಂಡಸರೂ ಘಟ್ಟ ಹತ್ತಿದರು. ಒಂದೊಂದಾಗಿ ಹೊಳೆಗಳ ಮೇಲೆಲ್ಲ ಸೇತುವೆಗಳಾದುವು. ತಾರಿಗಳು ಮುಖ್ಯ ದಾರಿಯಿಂದ ಮರೆಯಾದುವು. ೧೯೯೮ರ ಜನವರಿಯಲ್ಲಿ ಕೊಂಕಣ ರೈಲು ಉದ್ದಕ್ಕೂ ಓಡಿತು. ಅರಗಾದಲ್ಲಿ ನೌಕಾನೆಲೆ ಎದ್ದು, ೨೦೦೫ರಲ್ಲಿ ‘ಕದಂಬ’ ಎಂಬ ಹೆಸರು ಪಡೆಯಿತು. ತಿರುವಿನಲ್ಲಿ ತೆರೆಯುತ್ತಿದ್ದ ಕಡಲಿನ ಎಷ್ಟೋ ಪಾಲು ಗೋಡೆಯ ಆಚೆಗಾಯಿತು. ಬೇಲೇಕೇರಿಯ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಬಂದ ವರ್ಷಗಳಲ್ಲಿ ಅಂಕೋಲೆಯ ದಾರಿಯಲ್ಲಿ ರೋಮಾಂಚವೆಂದರೆ ಜೀವ ಉಳಿಸಿಕೊಳ್ಳುವುದು ಎಂದಾಯಿತು. ೧೭ನೆಯ ಹೆದ್ದಾರಿ ೨೦೧೦ರಲ್ಲಿ ೬೬ ಆಯಿತು. ಅನಂತರ ನಾಲ್ಕು ಪಥವಾಗತೊಡಗಿತು. ಬಿಣಗಾದ ಗುಡ್ಡವನ್ನು ಬಳಸುವ ಬದಲು ಈಗ ಸುರಂಗದಲ್ಲಿ ನುಗ್ಗಿ ಹೊರಬೀಳುತ್ತೇವೆ.

ಇದನ್ನೆಲ್ಲ ಬೇಡವೆನ್ನುವುದು ಮೂರ್ಖತನ. ಹೆರಿಗೆಯ ನೋವು ತಿನ್ನುತ್ತಿದ್ದ ಹೆಣ್ಣುಮಗಳು ತಾರಿಯ ದಂಡೆಯಲ್ಲಿ ಬೆಳಗಾಗುವುದನ್ನು ಕಾಯಬೇಕಾಗಿದ್ದ ಕಾಲವನ್ನು ‘ಸೊಗಸಿನ ಕಾಲ’ ಎಂದು ಹೊಗಳುವ ಹಕ್ಕು ಯಾರಿಗೂ ಇಲ್ಲ. ಸೇತುವೆ ಬೇಕಾಗಿತ್ತು, ಬಂತು. ಆದರೆ ಬಲವಾದ ಗಾಡಿ ಬಂದಾಗ ಚಾಲಕ ನೆಲವನ್ನು ಮರೆತರೆ ಅಷ್ಟಾಗಿ ನಷ್ಟವಿಲ್ಲ. ದಾರಿ ಮಾಡುವವರೇ ಮರೆತರೆ?

೨೦೨೪ರ ಜುಲೈ ೧೬ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಗಂಗಾವಳಿಯ ದಂಡೆಯಲ್ಲಿ, ಹೆದ್ದಾರಿಯ ಮೇಲಿನ ಗುಡ್ಡ ಮಳೆಗೆ ಕುಸಿದು ಬಿತ್ತು. ದಾರಿಯ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನೊಡನೆ ಹೊಳೆಯ ಪಾಲಾದುವು. ಕೇರಳದ ಲಾರಿಯೊಂದನ್ನೂ ಅದರ ಚಾಲಕನ ದೇಹವನ್ನೂ ಹೊಳೆಯ ತಳದಿಂದ ಮೇಲೆತ್ತಿದ್ದು ಸೆಪ್ಟೆಂಬರ್ ೨೫ರಂದು. ಹೆದ್ದಾರಿಯನ್ನು ಅಗಲಿಸಲು ಗುಡ್ಡದ ಪಾದವನ್ನು ಕಡಿದಾಗಿ ಕತ್ತರಿಸಿದ್ದೇ ಇದಕ್ಕೆ ಕಾರಣವೆಂಬ ಮಾತು ಬಲವಾಗಿ ಕೇಳಿಬಂತು. ಅದಾಗಿ ಮೂರು ವಾರ ಕಳೆದಿತ್ತು. ಆಗಸ್ಟ್ ೭ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಮುರಿದು ಲಾರಿಯೊಂದು ಹೊಳೆಗೆ ಬಿತ್ತು. ಅದರ ಚಾಲಕನನ್ನು ದೋಣಿಯಲ್ಲಿ ಹೋದವರು ಉಳಿಸಿದರು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಬಾಗಿಲು ಮುಚ್ಚಲಿಲ್ಲ. ಆದರೂ ಆ ಮಳೆಗಾಲದಲ್ಲಿ ಕೆಲವು ದಿನ, ಕಾಳಿಗೂ ಗಂಗಾವಳಿಗೂ ನಡುವಿನ ಜನ ತಮ್ಮ ಅಜ್ಜಂದಿರ ಪಂಜರ ಹೇಗಿತ್ತೆಂದು ಮತ್ತೆ ತಿಳಿದರು.

ಈಚೆಗೆ ಹಳೆಯ ಕಾರುಗಳ ಮೇಲಿನ ಅಕ್ಕರೆ ಹೆಚ್ಚಾಗಿದೆ. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳ ಸಂಗ್ರಹವನ್ನು ನೋಡಲು ಹೋದ ಕರಾವಳಿಯ ಹಿರಿಯರು, ಗಾಜಿನಂತೆ ಹೊಳೆಯುವ ಗಾಡಿಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಮೊಮ್ಮಕ್ಕಳಿಗೆ ಬಣ್ಣ ಕಾಣುತ್ತದೆ, ಅಜ್ಜನಿಗೆ ಘಟ್ಟ ಕಾಣುತ್ತದೆ. ಇಂಥ ಸಂಗ್ರಹಗಳು ಬೇಕು. ಆದರೆ ಕಾರನ್ನು ಉಳಿಸುವುದು ಸುಲಭ. ಬಣ್ಣ ಬಳಿದು, ಎಣ್ಣೆ ಹಾಕಿ, ಸೂರಿನಡಿ ನಿಲ್ಲಿಸಿದರೆ ಆಯಿತು. ಅದನ್ನು ನಡೆಸಿದವರ ತಲೆಯಲ್ಲಿದ್ದ ನೆಲದ ಅರಿವನ್ನು ಹಾಗೆ ನಿಲ್ಲಿಸಿಡಲು ಬಾರದು. ಕಾರವಾರ, ಅಂಕೋಲಾ, ಯಲ್ಲಾಪುರಗಳಲ್ಲಿ ತಾರಿಯನ್ನೂ ಅರಬೈಲನ್ನೂ ದಾಟಿಸಿದ ಹಳೆಯ ಚಾಲಕರೂ ಅಂಬಿಗರೂ ಇನ್ನೂ ಕೆಲವರಿದ್ದಾರೆ. ಯಾವ ತಿರುವಿನಲ್ಲಿ ನೀರು ಯಾವ ತಿಂಗಳು ಇಳಿಯುತ್ತದೆ, ಯಾವ ಗುಡ್ಡವನ್ನು ಮುಟ್ಟಬಾರದು ಎಂದು ಅವರು ಹೇಳಬಲ್ಲರು. ನಮ್ಮ ಕಾಲೇಜುಗಳ ಚರಿತ್ರೆಯ ಹುಡುಗರು ಅವರ ಜಗಲಿಗೆ ಹೋಗಿ ಕುಳಿತು ಬರೆದುಕೊಳ್ಳಲಿ. ದಾರಿ ಮಾಡುವ ಎಂಜಿನಿಯರರೂ ಒಂದು ದಿನ ಅದನ್ನು ಓದಲಿ. ಮುಂದಿನ ಮುಂಗಾರು ಬರುವ ಮುನ್ನವೇ ಆದರೆ ಇನ್ನೂ ಒಳ್ಳೆಯದು.